ಅಲಿಬೀ ಅಂದ್ರ ಯಾವ ಓಣ್ಯಾಕಿ?

ಮಾನ್ವಿ ಕೋರ್ಟಿನ ಎರಡನೇ ಹಾಲಿನಲ್ಲಿ
ಫ್ಯಾನಿಗೆ ರೆಕ್ಕೆ ಮೂರು, ಗಾಳಿ ಸಾಹೇಬರಿಗೆ ಮಾತ್ರ.
ನಾನು ಬೆರಳಚ್ಚುಗಾರ್ತಿ. ಹನ್ನೊಂದು ವರ್ಷದಿಂದ
ಕಂಡವರ ಮಾತನ್ನು ನನ್ನ ಬೆರಳು ಆಡಿದೆ.

ಇವತ್ತು ಹುಸೇನಪ್ಪನದು.
ಜಿನ್ನಿಂಗ್ ಮಿಲ್ಲಿನ ಮೋಟಾರು ಕಳುವಾದ ರಾತ್ರಿ
ಅವನು ಮಿಲ್ಲಿನ ಕಡೆ ತಲೆಯನ್ನೂ ಹಾಕಿಲ್ಲವಂತೆ.
ಮತ್ತೆ ಎಲ್ಲಿದ್ದಿ?
‘ರಾಯಚೂರಾಗ ರೀ. ಗಂಜ್ ಸರ್ಕಲ್‌ನ್ಯಾಗ ಚಾ ಕುಡಿಯಾಕತ್ತಿದ್ದೆ.’

ವಕೀಲರು ಅದಕ್ಕೆ ಅಲಿಬಿ ಅಂದರು.
ಸಾಹೇಬರು ಬರೆಸಿದರು: ಆರೋಪಿಯು ಅನ್ಯತ್ರ ಹಾಜರಿದ್ದನೆಂಬ ವಾದ.
ಹಿಂದಿನ ಬೆಂಚಿನಲ್ಲಿ ಅವನ ಅವ್ವ
ಪಕ್ಕದಾಕೆಯ ಸೆರಗು ಜಗ್ಗಿದಳು:
‘ಅಲಿಬೀ ಅಂದ್ರ ಯಾವ ಓಣ್ಯಾಕಿ ಬೇ?
ನನ್ ಮಗ ಆಕಿ ಮನ್ಯಾಗ ಇದ್ನಾ?’

ಒಂದು ಮೈ ಒಂದೇ ಹೊತ್ತಿಗೆ ಎರಡು ಕಡೆ ಇರಲಾರದು:
ಕಾನೂನು ನಂಬುವ ವೇದಾಂತ ಇಷ್ಟೇ.
ಆದರೆ ಅಲ್ಲಿರಲಿಲ್ಲ ಅಂದರೆ ಸಾಲದು,
ಇಲ್ಲಿದ್ದೆ ಅಂತ ತೋರಿಸಬೇಕು, ತೋರಿಸುವ ಹೊರೆ ಇದ್ದವನದೇ.

ಚಾದಂಗಡಿಯ ಬಂದೇನವಾಜ ಉದ್ರಿ ಪುಸ್ತಕ ತಂದಿದ್ದ,
ಮಿರ್ಚಿ ಎಣ್ಣೆ ಕುಡಿದು ಪುಟಗಳು ಕನ್ನಡಿಯಾಗಿದ್ದವು.
ಹುಸೇನಪ್ಪ. ಚಾ ಎರಡು, ಮಿರ್ಚಿ ಒಂದು ಪ್ಲೇಟು, ಬಾಕಿ.
ಇಷ್ಟು ದಿನದ ಮೇಲೆ ನೆನಪು ಹೇಗಯ್ಯಾ?
‘ರೊಕ್ಕ ಕೊಟ್ಟವರ ಮಾರಿ ಮರೀತೀನ್ರೀ, ಕೊಡಲಾರದವರದು ಹೆಂಗ ಮರೀಲಿ?’
ಅದಕ್ಕೆ ನಿಶಾನೆ ಡಿ-ಮೂರು ಎಂದು ಹೆಸರಾಯಿತು.
ಸಾಲವೊಂದು ಮನುಷ್ಯನ ಪರವಾಗಿ ಸಾಕ್ಷಿ ನುಡಿದದ್ದು
ನಾನು ಕಂಡಂತೆ ಇದೇ ಮೊದಲು.

ಟೈಮು?
‘ಕರೆಂಟ್ ಹೋದಮ್ಯಾಲ್ರೀ.’
ಹಾಗಾದರೆ ಜೆಸ್ಕಾಂನವರಿಗೆ ಸಮನ್ಸು.

ಓಣಿಯಲ್ಲಿ ಇದಕ್ಕೆ ಇಷ್ಟು ಕಾಗದ ಬೇಕಿಲ್ಲ.
ಅಲ್ಲಿ ಇದರ ಹೆಸರು ನೆಪ, ಸಬೂಬು.
ಚೀಟಿ ದುಡ್ಡಿನವ ಬಾಗಿಲು ಬಡಿದರೆ
ಮನೆಮಂದಿಯೆಲ್ಲ ಊರಿಗೆ ಹೋಗಿರುತ್ತಾರೆ,
ಹಾಗಂತ ಒಳಗಿನಿಂದ ಅವರೇ ಕೂಗಿ ಹೇಳುತ್ತಾರೆ.

ನನ್ನ ಹತ್ತಿರವೂ ಒಂದಿದೆ, ಪಕ್ಕಾ.
ತಂಗಿ ಹುಲಿಗೆಮ್ಮನ ಕೂಸನ್ನು ಮುನಿರಾಬಾದಿನಲ್ಲಿ ಮಣ್ಣಿಗಿಟ್ಟ ದಿನ
ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಇದೆ.
ಯಾರದೋ ಹೊಲದ ಬದುವಿನ ಜಗಳ, ಹದಿನಾರು ಪುಟ,
ಪುಟಪುಟದ ಅಡಿಗೂ ನನ್ನ ಇನಿಷಿಯಲ್ಲು.
ರಜೆ ಕೇಳಬಹುದಿತ್ತು. ಕೇಳಿದ್ದರೆ ಕೊಡುತ್ತಿದ್ದರು.
ಅದೊಂದನ್ನು ಆ ಹದಿನಾರರಲ್ಲಿ ಯಾವುದೂ ಹೇಳುವುದಿಲ್ಲ.

‘ಎಲ್ಲಿದ್ದಿ ಅಕ್ಕಾ?’ ಒಂದೇ ಸಲ ಕೇಳಿದಳು.
ನಾನು ಪುರಾವೆ ಹೇಳತೊಡಗಿದೆ.
ಕೋರ್ಟಿನಲ್ಲಿ ಬೇರೆಡೆ ಇದ್ದವನಿಗೆ ಬಿಡುಗಡೆ;
ಅವಳ ಅಡುಗೆಮನೆಯಲ್ಲಿ
ಬೇರೆಡೆ ಇದ್ದದ್ದೇ ನನ್ನ ಮೇಲಿನ ಕಲಮು.
ಅವಳು ಒಲೆ ಆರಿಸಿದಳು. ಅನ್ನ ಇನ್ನೂ ಬೆಂದಿರಲಿಲ್ಲ.

ಅವತ್ತಿನಿಂದ ಫೋನು ಮಾಡಿದಾಗೆಲ್ಲ
ಯಾವಳೋ ಶುದ್ಧ ಕನ್ನಡದವಳು ಅವಳ ಪರ ವಾದಿಸುತ್ತಾಳೆ:
ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.
ಪಾಟಿ ಸವಾಲಿಗೆ ಅವಳು ಸಿಗುವುದಿಲ್ಲ.

ಸಂಜೆ ಮೆಟ್ಟಿಲ ಮೇಲೆ ಹುಸೇನಪ್ಪನ ಅವ್ವ
ಬುತ್ತಿಗಂಟು ಬಿಚ್ಚಿಕೊಂಡು ಕೂತಿದ್ದಳು.
ಒಂದು ರೊಟ್ಟಿ ಮುರಿದು ನನ್ನ ಕೈಗಿಟ್ಟು,
‘ಮುಂದಿನ ಪೇಶಿಗೆ ಆಕಿನೂ ಬರ್ತಾಳೇನವ್ವಾ, ಅಲಿಬೀ?’

ಬರ್ತಾಳ ಬಿಡ್ರಿ, ಅಂದೆ.