ಬೋಣಿ

ಇದಿನಬ್ಬರ ಅಂಗಡಿ ಬಂದರಿನ ಒಳ ಓಣಿಯಲ್ಲಿ,
ಹಗ್ಗ, ಸೀಸದ ಗುಂಡು, ಹೊಸ ನೈಲಾನಿನ ವಾಸನೆ.
"ಗಾಳವಾ ಬಾಯಮ್ಮ? ಯಾರಿಗೆ?"
"ನನಗೇ."
ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.
ಆಗಲೂ ನಾನೇ ಇದ್ದೆ.

ಎರೆಹುಳ ಬೇಡ, ಹಸಿ ಸಿಗಡಿ ಬೇಡ,
ಗರಿ ಕಟ್ಟಿದ ಸುಳ್ಳುಹುಳವನ್ನು
ದಾರದ ಭಾರದಲ್ಲೇ ಹಾರಿಸುವ ಕೋಲು ಬೇಕು ಎಂದೆ.
ಮೇಜಿನ ಮೇಲೆ ಮೂರು ಬಿಚ್ಚಿಟ್ಟರು.

ಒಂದು ಗಾಜಿನ ನಾರಿನದ್ದು, ಬಾಗಿದರೆ ಏಳಲು ಪುರುಸೊತ್ತು ಬೇಕು,
ನಮ್ಮ ಮಹಿಳಾ ಸಂಘದ ಖಜಾಂಚಿಯ ಹಾಗೆ.
ಒಂದು ತೀರಾ ಬಿಗಿ,
ಗಂಜಿ ಹೆಚ್ಚಾದ ಕಾಲರು.
ಮೂರನೆಯದು ಕಪ್ಪು, ನಾಲ್ಕು ತುಂಡು.
ಜೋಡಿಸಿ ತುದಿ ಅಲುಗಿಸಿದೆ:
ನಡುಕ ಇಳಿದು ಬಂದು
ಮಣಿಕಟ್ಟನ್ನು ಮುಟ್ಟಿ
ಸುಮ್ಮನಾಯಿತು.
ಇಪ್ಪತ್ತೊಂಬತ್ತು ವರ್ಷ ಬಟ್ಟೆ ಮುಟ್ಟಿದ ಬೆರಳು.
ಒಗೆದರೆ ಯಾವುದು ಕುಗ್ಗುತ್ತದೆ, ಯಾವುದು ಜೋಲುತ್ತದೆ,
ಅದಕ್ಕೆ ಯಾರೂ ಹೇಳಬೇಕಾಗಿಲ್ಲ.

ರಾಟೆಯನ್ನು ಕಿವಿಯಿಂದ ಆರಿಸಿದೆ.
ಒಂದು ಸವೆದ ಬಾಬಿನ್ನಿನಂತೆ ಗಡಗಡ,
ಇನ್ನೊಂದು ಒಳ್ಳೆ ಎಣ್ಣೆ ಕುಡಿದ ಟಿಕಿಟಿಕಿ.
"ಉಪ್ಪುನೀರಿಗೆ ತಡೆಯುತ್ತದಾ?"
"ಮನೆಗೆ ಹೋದ ಕೂಡಲೇ ಬಾವಿನೀರಲ್ಲಿ ಅದ್ದಿದರೆ
ನನಗಿಂತ ಹೆಚ್ಚು ತಡೆಯುತ್ತದೆ."
ಜನವರಿಯ ಐದು ಮದುವೆ ಗೌನಿನ ಹೊಲಿಗೆ
ಅಲ್ಲಿಗೆ ಹೋಯಿತು. ನಾನ್ನೂರು ಬಿಟ್ಟರು.

ಮೊದಲು ಟೆರೇಸಿನಲ್ಲಿ, ಕೊಕ್ಕೆ ಇಲ್ಲದೆ,
ತುದಿಗೆ ಕೆಂಪು ಉಲ್ಲನಿನ ಚೂರು.
ಹಿಂದಕ್ಕೆ ಬೀಸಿ ನಿಲ್ಲಬೇಕು,
ಬೆನ್ನ ಹಿಂದೆ, ಕಾಣದಲ್ಲಿ,
ದಾರ ತಾನಾಗಿ ಬಿಡಿಸಿಕೊಂಡು ನೆಟ್ಟಗಾಗುವ ತನಕ.
ಬೀಸಲು ಬರುತ್ತದೆ. ನಿಲ್ಲಲು ಬರುವುದಿಲ್ಲ.
ಪೆಡಲು ಬಿಟ್ಟು ಗೊತ್ತಿಲ್ಲದ ಕಾಲು ನನ್ನದು.
ಒಮ್ಮೆ ನೀರಿನ ಟ್ಯಾಂಕಿಗೆ, ಒಮ್ಮೆ ಡಿಶ್ಶಿಗೆ,
ಒಮ್ಮೆ ಎರಡನೇ ಮಹಡಿಯ ಪ್ರೆಸಿಲ್ಲಾಳ ನೈಟಿಗೆ.
"ಎಂಥ ಮಾರಾಯ್ತಿ, ಗಾಳಿಪಟವಾ?"
"ಮೀನಿಗೆ."
"ಬಿಜೈಯಲ್ಲಾ?"

ಗರಿ ಕೋಳಿ ಅಂಗಡಿಯ ಹುಂಜದ ಕತ್ತಿನದ್ದು,
ಚಮಕಿ ಯಾವಳೋ ಮದುಮಗಳ ಸೆರಗಿನಿಂದ ಉದುರಿದ್ದು.
ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಸಪಾಟು ಮಾಡಿ
ಹೆಮ್ಮಿಂಗಿನ ದಾರದಲ್ಲಿ ಸುತ್ತಿ ಸುತ್ತಿ ಕಟ್ಟಿದೆ.
ಸಿಗಡಿ ಎಂದರೆ ಸಿಗಡಿ,
ಅದೂ ಸ್ವಲ್ಪ ಹೆದರಿದ ಸಿಗಡಿ.

ಭಾನುವಾರ ಮೊದಲ ಪೂಜೆ ಮುಗಿಸಿ
ಸುಲ್ತಾನ್ ಬತ್ತೇರಿ ಕಡವಿನ ಕೆಳಗೆ, ಇಳಿತದ ನೀರಿಗೆ.
ಸೊಂಟದ ನೀರಲ್ಲಿ ದೂಮಪ್ಪ ಕರ್ಕೇರರು ಬೀಸುಬಲೆ ಹಿಡಿದು.
ಅವರು ಬೀಸಿದರೆ ಹೊಳೆಯ ಮೇಲೊಂದು ಪೂರ್ತಿ ಚಂದ್ರ,
ನಾನು ಬೀಸಿದರೆ ಒಂದು ಗೀರು.
"ಇಷ್ಟುದ್ದ ದಾರಕ್ಕೆ ಒಂದೇ ಮೀನಾ ಬಾಯಮ್ಮ?"
"ಒಂದೂ ಇಲ್ಲ ಇನ್ನೂ."

ಏಳನೆಯದೋ ಎಂಟನೆಯದೋ ಬೀಸು.
ಹಿಂದೆ ದಾರ ನೆಟ್ಟಗಾದದ್ದು ಮೊಣಕೈಗೆ ತಿಳಿಯಿತು,
ಕೋಲು ತಾನೇ ತುಂಬಿಕೊಂಡಿತು,
ಮುಂದಕ್ಕೆ ಬಿಟ್ಟೆ. ಸುರುಳಿ ಬಿಚ್ಚುತ್ತಾ ಹೋಯಿತು,
ಹೋಗುತ್ತಾ ಹೋಗುತ್ತಾ
ನೀರು ಮುಟ್ಟುವ ಮೊದಲೇ

ಕಾಗೆ!

ರಾಟೆ ಕಿರುಚಿತು. ಕಾಗೆ ಕಿರುಚಿತು.
ತಣ್ಣೀರುಬಾವಿಯ ಗಾಳಿಮರಗಳಿಂದ ಅದರ ಬಂಧುಬಳಗವೆಲ್ಲ
ನನ್ನ ತಲೆಯ ಮೇಲೆ ಮಹಾಸಭೆ ಸೇರಿತು.
ದೂಮಪ್ಪರು ಬೈರಾಸು ಬೀಸಿ ಹಿಡಿದರು,
ನಾನು ಕೊಕ್ಕಿನ ಅಂಚಿನಿಂದ ಕೊಕ್ಕೆ ಜಾರಿಸಿದೆ.
ಮುಳ್ಳಿಲ್ಲದ್ದಕ್ಕೆ ಸುಲಭ, ತಪ್ಪುಹೊಲಿಗೆ ಬಿಚ್ಚಿದಷ್ಟೇ.
ಎದೆಗೆ ಒತ್ತಿಕೊಂಡಿದ್ದಾಗ
ಅದರ ಗುಂಡಿಗೆ ಮೆಷಿನಿಗಿಂತ ಜೋರು ಓಡುತ್ತಿತ್ತು.
"ಬೋಣಿ ಆಯ್ತಲ್ಲ," ಎಂದರು ದೂಮಪ್ಪರು,
ನಗದೆ.

ಆಮೇಲೆ ಒಂದು ಕೆಂಬೇರಿಯೂ ಬಂತು,
ಅಂಗೈಯಷ್ಟು. ಬಿಟ್ಟೆ.
ಅದನ್ನು ಪ್ರೆಸಿಲ್ಲಾ ನಂಬಿಲ್ಲ.

ಸೋಮವಾರ ಅಂಗಡಿಯ ಶಟರು ಎತ್ತುವಾಗ
ಎದುರು ತಂತಿಯ ಮೇಲೆ ಒಬ್ಬರೇ ಕೂತಿದ್ದರು,
ಕತ್ತು ಓರೆ ಮಾಡಿ, ಕಣ್ಣು ನನ್ನ ಮೇಲೆ,
ಹೊಲಿದು ಕೊಟ್ಟದ್ದು ಸರಿ ಕೂತಿಲ್ಲ ಎಂದು
ಹೇಳಲು ಬಂದ ಗಿರಾಕಿಯ ಹಾಗೆ.