ಆನೆ ಕಾಸು

ದುರ್ಗಿಗುಡಿಯಲ್ಲಿ ಕೊಂಡ ಆಲ್ಬಮ್ಮು,
ಒಂದೊಂದು ಕಿಸೆಗೂ ಹೊಸ ರೇನ್‌ಕೋಟಿನ ವಾಸನೆ.
ಆ ವಾಸನೆ ಇಷ್ಟವಾಗಿತ್ತು ನನಗೆ.
ಚೆಂದ ಕಾಣಲಿ ಅಂತ
ಆನೆ ಕಾಸನ್ನು ಮೊದಲ ಪುಟದಲ್ಲೇ ಕೂರಿಸಿದೆ.

ಹನ್ನೊಂದು ವರ್ಷ.
ಮೊನ್ನೆ ತೆಗೆದರೆ ಆನೆಯ ಹೊಟ್ಟೆಗೆ ಪಾಚಿ,
ಬೆರಳಿಗೆ ಅಂಟು, ಬಸವನಹುಳು ನಡೆದ ಹಾದಿಯ ಹಾಗೆ.
ಜೂನ್ ತಿಂಗಳನ್ನು ಬೈದೆ, ತುಂಗೆಯನ್ನು ಬೈದೆ,
ಗೋಡೆಯ ಥಂಡಿಯನ್ನೂ ಬಿಡಲಿಲ್ಲ.
ಬೆವರಿದ್ದು ಪ್ಲಾಸ್ಟಿಕ್ಕು ಅಂತ ಆಮೇಲೆ ಗೊತ್ತಾಯಿತು.

ಗಾಂಧಿ ಬಜಾರಿಗೆ, ಮೌನೇಶಾಚಾರ್ರ ಹತ್ತಿರ ಒಯ್ದೆ.
ಜೀವಮಾನವಿಡೀ ಉಜ್ಜಿದ ಕೈ.
ಹುಣಸೆಹಣ್ಣಿನವರೆಗೂ ಹೋಗಿ ಅಲ್ಲೇ ನಿಂತಿತು.
"ಉಜ್ಜಿದ್ರೆ ಹೊಳಿಯುತ್ತೆ ಮಾರಾಯ್ರೆ,
ಆನೆ ಮಾತ್ರ ಇರಲ್ಲ."

ಈಗ ಒಲೆ ಆರಿಸಿ, ಕಿಟಕಿ ತೆರೆದು,
ಗಾಜಿನ ಬಟ್ಟಲಲ್ಲಿ ಅಸಿಟೋನು.
ಕೈಕಟ್ಟಿ ಕೂತಿದ್ದೇನೆ.
ಹಸಿರು ಎಳೆ ಎಳೆಯಾಗಿ ಬಿಡುತ್ತದೆ;
ಅದರಡಿಯ ತಾಮ್ರ ಅಲ್ಲಲ್ಲಿ ಕಚ್ಚಿಸಿಕೊಂಡಿದೆ,
ಸೊಂಡಿಲ ತುದಿ ಇಲ್ಲ.

ಒಂದು ಕಾಗದದ ಲಕೋಟೆ,
ಮಗಳ ಶೂ ಡಬ್ಬಿಯಿಂದ ಎತ್ತಿಟ್ಟ ಸಿಲಿಕಾ ಪೊಟ್ಟಣ,
ಆನೆಗೆ ಇಷ್ಟು ಸಾಕು.
ಖಾಲಿ ಆಲ್ಬಮ್ಮನ್ನು ಎಸೆಯುವ ಮುನ್ನ
ಮೂಗಿಗೆ ಹಿಡಿದೆ.
ಇನ್ನೂ ಅದೇ, ಹೊಸತರ ವಾಸನೆ.