ಕೊನೆಯ ಫ್ರೆಟ್ಟಿನ ಆಚೆ

ಆಗಸ್ಟಿನ ಗುದೈಬಿಯಾ. ರಾತ್ರಿ ಹತ್ತಾದರೂ
ಗೋಡೆ ಮುಟ್ಟಿದರೆ ಜ್ವರ ಬಂದವರ ಹಣೆ.
ಅನ್ಸೆಲ್ಮೊ ಅದನ್ನು ಟ್ರಾಲಿಯಲ್ಲಿ ಎಳೆದು ತಂದ,
ಕೋಲ್ಡ್ ಸ್ಟೋರಿನವನ ಹತ್ತಿರ ಎರವಲು ಪಡೆದ ಟ್ರಾಲಿ,
ಒಂದು ಚಕ್ರ ಕುಂಟು.
"ಕುಯಾ, ನಾನು ನುಡಿಸದಿದ್ದರೂ ಇದು ನುಡೀತದೆ.
ಶುಕ್ರವಾರದೊಳಗೆ ಸರಿಯಾಗದಿದ್ರೆ
ಕೀಬೋರ್ಡ್ ಒಂದೇ ಸಾಕು ಅಂತಾನೆ ಮ್ಯಾನೇಜರು."

ವಾಲ್ವಿನದ್ದಲ್ಲ, ಟ್ರಾನ್ಸಿಸ್ಟರಿನದ್ದು,
ನನಗಿಂತ ಎರಡು ವರ್ಷ ಚಿಕ್ಕದು.
ಮುಂದಿನ ಬಟ್ಟೆಯ ಮೇಲೆ ಎಂದೋ ಚೆಲ್ಲಿದ ಬಿಯರಿನ ಭೂಪಟ,
ಹಿಂದಿನ ಹಲಗೆ ಬಿಚ್ಚಿದರೆ ಮರಳು,
ಜಿರಳೆಯ ರೆಕ್ಕೆ, ನೂರು ಫಿಲ್ಸಿನ ಒಂದು ನಾಣ್ಯ.
ನಾಣ್ಯ ಅವನ ಕೈಗೆ ಕೊಟ್ಟೆ. ಅದು ಅವನದ್ದಲ್ಲವಂತೆ.

ಮೊದಲು ಬಿಚ್ಚಬಾರದು, ಕೇಳಬೇಕು.
(ನಾನು ಬಿಚ್ಚಿಯೇ ಕೇಳುವುದು, ಕೆಟ್ಟ ಅಭ್ಯಾಸ.)
ವಾಲ್ಯೂಮು ಸೊನ್ನೆಗೆ ತಂದೆ. ಗುಂಯ್‌ಗುಡುವುದು ನಿಲ್ಲಲಿಲ್ಲ.
ಹಾಗಾದರೆ ತಪ್ಪು ಗಿಟಾರಿನದ್ದಲ್ಲ, ವೈರಿನದ್ದಲ್ಲ,
ಅನ್ಸೆಲ್ಮೊ, ನಿನ್ನದಂತೂ ಅಲ್ಲ.
ಇಗೋ ನೋಡು, ಎರಡು ದಪ್ಪ ಕೆಪಾಸಿಟರು,
ನೆತ್ತಿ ಪೂರಿಯ ಹಾಗೆ ಉಬ್ಬಿದೆ.
ಪ್ಲಗ್ಗು ಕಿತ್ತರೂ ಇವು ಒಳಗೊಳಗೇ ಹಗೆ ಇಟ್ಟುಕೊಂಡಿರುತ್ತವೆ,
ರೆಸಿಸ್ಟರು ತಾಗಿಸಿ, ಸಮಾಧಾನ ಮಾಡಿ,
ಆಮೇಲೆ ಕೈ ಹಾಕು.

ಹೊಸದು ಕೂರಿಸಿದೆ. ಗುಂಯ್ ಅಡಗಿತು.
ಧಣಿ ಎದ್ದು ಹೋದ ಮೇಲೆ ಗುಮಾಸ್ತ ಕೆಮ್ಮುವ ಹಾಗೆ
ಆಗ ಕೇಳಿಸಿತು ಪರಪರ.
ಟ್ರೆಬಲ್ಲಿನ ಗುಬುಟಿನೊಳಗೆ ಈ ಊರಿನ ಉಪ್ಪುಗಾಳಿ;
ಸ್ಪ್ರೇ ಹೊಡೆದು ನಲವತ್ತು ಸಲ ತಿರುಗಿಸಿದೆ.
ಪರಪರ ಹೋಯಿತು, ಟಕ್ಕೆನ್ನುವುದು ಬಂತು.
ಪೆನ್ಸಿಲಿನ ಹಿಂಬದಿಯಿಂದ ಬೋರ್ಡಿನ ಮೇಲೆ
ಡಾಕ್ಟರು ಬೆನ್ನು ತಟ್ಟಿದಂತೆ ತಟ್ಟುತ್ತ ಹೋದೆ.
ಒಂದು ಬೆಸುಗೆ, ಕೂದಲೆಳೆಯಷ್ಟು ಬಿರುಕು,
ಅಲ್ಲೇ ಸಿಕ್ಕಿಬಿದ್ದ ಕಳ್ಳ.
ಅದಕ್ಕೂ ತವರ ಕುಡಿಸಿದೆ.
ಉಳಿದದ್ದು ಸುಯ್, ಬಾಣಲೆಗೆ ನೀರು ಬಿದ್ದ ಸುಯ್;
ಮೊದಲನೇ ಟ್ರಾನ್ಸಿಸ್ಟರು ಬದಲಿಸಿದೆ.

ಆಮೇಲೂ ಒಂದು.
ಸಣ್ಣದು. ಸೂಜಿಯ ಮೊನೆಯಷ್ಟು. ಸೀಟಿ.
ಟ್ಯೂಬ್‌ಲೈಟು ಆರಿಸಿದೆ, ಇತ್ತು.
ಎ.ಸಿ. ನಿಲ್ಲಿಸಿದೆ, ಬೆವರು ಇಳಿಯಿತು, ಇತ್ತು.
ಕೋಲ್ಡ್ ಸ್ಟೋರಿನವನಿಗೆ ಹೇಳಿ ಐಸ್‌ಕ್ರೀಮಿನ ಫ್ರಿಜ್ಜನ್ನೂ
ಎರಡು ನಿಮಿಷ ಬಂದ್ ಮಾಡಿಸಿದೆ.
ಕಣ್ಣಾರೆ ಕಂಡರೂ ಪರಾಂಬರಿಸು ಅನ್ನುತ್ತಾರೆ,
ಕಿವಿಯಾರೆ ಕೇಳಿದ್ದಕ್ಕೆ ಗಾದೆಯಿಲ್ಲ.
ಕೊನೆಗೆ ಗೋಡೆಯ ಪ್ಲಗ್ಗನ್ನೇ ಕಿತ್ತೆ.
ಕತ್ತಲೆ. ಸ್ಪೀಕರು ಹೆಣ.
ಸೀಟಿ ಹಾಗೇ ಇತ್ತು.

"ಕೇಳಿಸ್ತಾ ಇದೆಯಾ?" ಅಂದೆ.
"ಏನು, ಕುಯಾ?"

ಹಿದ್ದ್‌ನ ಹಡಗುಕಟ್ಟೆಯಲ್ಲಿ ಹದಿನಾಲ್ಕು ವರ್ಷ
ತುಕ್ಕು ಹೆರೆದಿದ್ದೆ ನಾನು, ಟ್ಯಾಂಕರಿನ ಹೊಟ್ಟೆಯೊಳಗೆ,
ಕಿವಿಗೆ ಹತ್ತಿ. ಹತ್ತಿ ಸಾಕು ಅಂದಿದ್ದ ಫೋರ್‌ಮನ್.
ಗಂಗೊಳ್ಳಿಗೆ ಹೋದಾಗಲೂ ರಾತ್ರಿ ಕೇಳುತ್ತಿತ್ತು ಇದು,
ಯಾರೋ ಬಂದರಿನಲ್ಲಿ ಇಂಜಿನ್ ಬಿಟ್ಟು ಮಲಗಿದ್ದಾರೆ
ಅಂದುಕೊಂಡಿದ್ದೆ.

ಅನ್ಸೆಲ್ಮೊಗೆ ಹೇಳಿದೆ, ಹೇಗೋ, ಅರ್ಧ ಹಿಂದಿಯಲ್ಲಿ.
ಅವನು ನಗಲಿಲ್ಲ. ಪ್ಲಗ್ಗು ತಾನೇ ಸಿಕ್ಕಿಸಿ,
ಗಿಟಾರು ತೊಡೆಗೇರಿಸಿ, "ಯಾವ ಸ್ವರ?" ಅಂದ.
ತೆಳ್ಳನೆಯ ತಂತಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ,
ಇದಾ? ಇದಾ?
ನಾನು ತಲೆಯಾಡಿಸುತ್ತಿದ್ದೆ.
ಫ್ರೆಟ್ಟುಗಳು ಮುಗಿದವು. ಬೆರಳು ಅವುಗಳನ್ನೂ ದಾಟಿ
ಬರಿಯ ತಂತಿಯ ಮೇಲೆ ತಡಕುತ್ತ ನಿಂತಿತು.

"ಇಲ್ಲಾ?"

ಇನ್ನೂ ಮೇಲೆ, ತಮ್ಮ.
ಅಲ್ಲಿಗೆ ಮರ ಇಲ್ಲ.

ಕೆಪಾಸಿಟರಿನ ದುಡ್ಡು ಮಾತ್ರ ತಗೊಂಡೆ.